ಎರಡನೆಯ ಸಲ ನೋಡಿದ ಸಿನಿಮಾ

ಬೇಸಿಗೆ ರಜೆ ಬಂತೆಂದರೆ ಜಗಳೂರಿನ ಆ ಅಜ್ಜಿಯ ಮನೆಗೆ ಮೂರು ಊರುಗಳಿಂದ ಮೊಮ್ಮಕ್ಕಳು ಬರುತ್ತಾರೆ. ದೊಡ್ಡ ಮಗಳನ್ನು ಚನ್ನಗಿರಿಗೆ ಕೊಟ್ಟಿದೆ, ನಡುವಿನವಳನ್ನು ಹೊನ್ನಾಳಿಗೆ, ಕಿರಿಯವಳನ್ನು ನ್ಯಾಮತಿಗೆ. ತೋಟದ ನೆರಳು, ಹೊಳೆಯ ತಂಪು ಕಂಡ ಮಕ್ಕಳಿಗೆ ಜಗಳೂರಿನ ಬಿಸಿಲು ಮೊದಲೆರಡು ದಿನ ಹಿಡಿಸುವುದಿಲ್ಲ. ಮೂರನೆಯ ದಿನಕ್ಕೆ ಎಲ್ಲ ಸರಿಹೋಗುತ್ತದೆ.

ಈ ಸಲ ನ್ಯಾಮತಿಯ ಹುಡುಗ ಸಪ್ಪೆ ಮುಖ ಹೊತ್ತು ಬಂದಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನ ಕೈಕೊಟ್ಟಿತ್ತು. ಮತ್ತೆ ಪರೀಕ್ಷೆಗೆ ಕೂರಬೇಕಿತ್ತು. ಇದಕ್ಕೆಲ್ಲ ಮೊಬೈಲ್ ಆಟವೇ ಕಾರಣವೆಂದು ತೀರ್ಮಾನಿಸಿದ ಅಪ್ಪ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. (ಕಾರಣ ಅಷ್ಟು ಸರಳವಾಗಿದ್ದರೆ ರಾಜ್ಯದ ಬೀರುಗಳಿಗೆಲ್ಲ ಬೀಗ ಹಾಕಿ ಫಲಿತಾಂಶವನ್ನು ನೂರಕ್ಕೆ ನೂರು ಮಾಡಬಹುದಿತ್ತು.)

ಆಟವಿಲ್ಲದಿದ್ದರೇನು, ಆಟದ ಸಿನಿಮಾ ಉಂಟಲ್ಲ ಎಂದು ಅವನು ಚನ್ನಗಿರಿಯ ಅಕ್ಕನ ಲ್ಯಾಪ್‌ಟಾಪಿನಲ್ಲಿ ‘ಫೈನಲ್ ಫ್ಯಾಂಟಸಿ: ದಿ ಸ್ಪಿರಿಟ್ಸ್ ವಿದಿನ್’ ಹಾಕಿಸಿದ. ಜಪಾನಿನ ಸ್ಕ್ವೇರ್ ಕಂಪನಿ 1987ರಲ್ಲಿ ಆರಂಭಿಸಿದ ವಿಡಿಯೋ ಆಟದ ಹೆಸರಿನಲ್ಲಿ, ಆ ಆಟದ ಕರ್ತೃ ಹಿರೋನೋಬು ಸಕಾಗುಚಿಯೇ ನಿರ್ದೇಶಿಸಿದ, 2001ರ ಜುಲೈನಲ್ಲಿ ಅಮೆರಿಕದಲ್ಲಿ ತೆರೆಕಂಡ ಚಿತ್ರ ಅದು. ಅರ್ಧ ಗಂಟೆಯಲ್ಲಿ ಹುಡುಗನ ಉತ್ಸಾಹ ಇಳಿಯಿತು. ಆಟದ ಕತ್ತಿಯಿಲ್ಲ, ಮಂತ್ರವಿಲ್ಲ, ಸವಾರಿ ಮಾಡುವ ದೊಡ್ಡ ಹಕ್ಕಿಯೂ ಇಲ್ಲ. “ಮೇಣದ ಗೊಂಬೆಗಳು ಮಾತಾಡಿದಂಗದೆ. ಬರೀ ಡಬ್ಬಾ” ಎಂದ. ಉಳಿದವರು ನಕ್ಕರು. ತಾನೇ ತಂದ ಸಿನಿಮಾವನ್ನು ತಾನೇ ಬೈಯಬೇಕಾದದ್ದು ಅವನಿಗೆ ಇನ್ನಷ್ಟು ನೋವಾಗಿತ್ತು.

ಲೋಕವೂ ಹಾಗೆಯೇ ಅಂದಿತ್ತು. ಸುಮಾರು 13.7 ಕೋಟಿ ಡಾಲರ್ ವೆಚ್ಚದ ಚಿತ್ರ ಪ್ರಪಂಚದಾದ್ಯಂತ ಗಳಿಸಿದ್ದು 8.5 ಕೋಟಿಯಷ್ಟು. ಅದನ್ನು ತಯಾರಿಸಲೆಂದೇ ಹವಾಯಿಯ ಹೊನೊಲುಲುವಿನಲ್ಲಿ ಕಟ್ಟಿದ್ದ ಸ್ಟುಡಿಯೋ 2002ರಲ್ಲಿ ಬಾಗಿಲು ಹಾಕಿತು.

ಅಷ್ಟರಲ್ಲಿ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿಯೂ ಸೋತಿತ್ತು. ಕತ್ತಲಲ್ಲಿ ಅಕ್ಕ (ಬಿ.ಎಸ್ಸಿ. ಓದುತ್ತಿರುವವಳು) ಟಾರ್ಚ್ ಹಚ್ಚಿ ಅದರ ಗಾಜನ್ನು ತನ್ನ ಬೆರಳುಗಳಿಂದ ಮುಚ್ಚಿದಳು. ಬೆರಳ ಅಂಚೆಲ್ಲ ಕೆಂಡದಂತೆ ಕೆಂಪಾಯಿತು. “ಬೆಳಕು ಚರ್ಮಕ್ಕೆ ತಾಗಿ ಹಾಗೇ ವಾಪಸ್ಸು ಬರುವುದಿಲ್ಲ. ಒಳಗೆ ಹೊಕ್ಕು, ಅತ್ತಿತ್ತ ಚದುರಿ, ಇನ್ನೊಂದು ಕಡೆ ಹೊರಬರುತ್ತದೆ. ರಕ್ತ ಹಸಿರು, ನೀಲಿಯನ್ನು ಹೀರಿಕೊಳ್ಳುತ್ತದೆ, ಕೆಂಪು ದೂರ ಸಾಗುತ್ತದೆ” ಎಂದಳು.

“ಸಂಜೆ ಮೇಕೆ ಮನೆಗೆ ಬರೋವಾಗ ಕಿವಿ ನೋಡಿಲ್ವೇನ್ರೋ? ಹಿಂದಿಂದ ಬಿಸಿಲು ಬಿದ್ರೆ ಕೆಂಪಗೆ ಹೊಳೀತಾವೆ” ಎಂದರು ಸೋದರಮಾವ.

ವಿಷಯ ಇದ್ದದ್ದು ಅಲ್ಲೇ. ಆ ಚಿತ್ರದ ನಾಯಕಿ ಅಕಿ ರಾಸ್‌ಳ ತಲೆಯ 60,000 ಕೂದಲುಗಳನ್ನು ಒಂದೊಂದಾಗಿ ಅಲುಗಾಡಿಸಿದ್ದರು. ಚರ್ಮದಲ್ಲಿ ಸುಕ್ಕು, ಮಚ್ಚೆ, ರಂಧ್ರ ಎಲ್ಲ ಇದ್ದವು. ಆದರೆ ಬೆಳಕು ಮೇಲ್ಮೈಯಲ್ಲೇ ನಿಂತುಬಿಡುತ್ತಿತ್ತು. ಹಾಲು, ಅಮೃತಶಿಲೆ, ಮನುಷ್ಯನ ಚರ್ಮ ಇವುಗಳ ಒಳಗೆ ಬೆಳಕು ಚದುರುವ ಬಗೆಯನ್ನು ಕಂಪ್ಯೂಟರಿಗೆ ಸುಲಭವಾಗಿ ಲೆಕ್ಕ ಹಾಕಿಸುವ ಸೂತ್ರವನ್ನು ಜೆನ್ಸೆನ್, ಮಾರ್ಷ್‌ನರ್, ಲೆವಾಯ್, ಹನ್ರಹಾನ್ ಎಂಬ ನಾಲ್ವರು ಪ್ರಕಟಿಸಿದ್ದು 2001ರ ಆಗಸ್ಟ್‌ನಲ್ಲಿ. ಚಿತ್ರ ತೆರೆಕಂಡ ಮರುತಿಂಗಳು! ಮುಂದಿನ ವರ್ಷ ‘ದಿ ಟೂ ಟವರ್ಸ್’ ಚಿತ್ರದ ಗಾಲಮ್‌ನ ಮೈ ಜೀವಂತ ಕಂಡದ್ದರಲ್ಲಿ ಈ ವಿದ್ಯೆಯ ಪಾಲಿತ್ತು.

ಹೊನ್ನಾಳಿಯ ಹುಡುಗಿ ಲೆಕ್ಕದಲ್ಲಿ ಚುರುಕು. ಒಂದು ಚೌಕಟ್ಟನ್ನು ರೂಪಿಸಲು ಯಂತ್ರಕ್ಕೆ ಸರಾಸರಿ 90 ನಿಮಿಷ ಬೇಕಾಗುತ್ತಿತ್ತೆಂದು ಅಕ್ಕ ಹೇಳಿದೊಡನೆ, ಸೆಕೆಂಡಿಗೆ 24 ಚೌಕಟ್ಟಾದರೆ 36 ಗಂಟೆ ಎಂದಳು. ಚಿತ್ರದಲ್ಲಿದ್ದ ಚೌಕಟ್ಟುಗಳು 1,41,964. ಒಂದೇ ಯಂತ್ರವಾಗಿದ್ದರೆ 24 ವರ್ಷ ಹಗಲಿರುಳು ದುಡಿಯಬೇಕಿತ್ತು. ಅದಕ್ಕೇ ಸುಮಾರು 960 ಯಂತ್ರಗಳನ್ನು ಹೂಡಿದ್ದರು. “ಅಷ್ಟೆಲ್ಲ ಮಾಡಿಯೂ ಗೊಂಬೆ ಅನಿಸಿಕೊಂಡರಲ್ಲ” ಎಂದು ಮರುಗಿದಳು.

ಗೊಂಬೆ ಗೊಂಬೆಯಂತಿದ್ದರೆ ಯಾರಿಗೂ ತೊಂದರೆಯಿಲ್ಲ. ತೊಗಲುಗೊಂಬೆಯ ರಾಮ ಮನುಷ್ಯನಂತಿಲ್ಲ ಎಂದು ಯಾರೂ ಎದ್ದುಹೋದವರಿಲ್ಲ. ಬಹುಪಾಲು ಮನುಷ್ಯನಂತಾಗಿ, ಕೊಂಚ ಮಾತ್ರ ಆಗದಿದ್ದರೆ ಮನಸ್ಸು ಹಿಂಜರಿಯುತ್ತದೆ. ಜಪಾನಿನ ರೋಬಾಟ್ ವಿಜ್ಞಾನಿ ಮಸಾಹಿರೋ ಮೋರಿ 1970ರಲ್ಲೇ ಇದನ್ನು ಬರೆದಿದ್ದರು. 2016ರ ‘ನಾಗರಹಾವು’ (ಪುಟ್ಟಣ್ಣನವರದ್ದಲ್ಲ, ಕೋಡಿ ರಾಮಕೃಷ್ಣ ಅವರದು) ಚಿತ್ರದಲ್ಲಿ, 2009ರ ಡಿಸೆಂಬರ್ 30ರಂದು ತೀರಿಕೊಂಡಿದ್ದ ವಿಷ್ಣುವರ್ಧನ್ ಅವರ ಮುಖವನ್ನು ಕಂಪ್ಯೂಟರಿನಲ್ಲಿ ಮತ್ತೆ ಮೂಡಿಸಿದ್ದರು. ಮಾವ ಅದನ್ನು ನೋಡಿ ಬಂದವರು. “ಮುಖ ಅವರದೇ. ಆದ್ರೂ ಏನೋ ಇಲ್ಲ ಅನಿಸ್ತು. ಕಣ್ಣಲ್ಲಿ ನೀರು ಬಂದಿದ್ದೂ ಸುಳ್ಳಲ್ಲ” ಎಂದರು.

ಮರುದಿನ ಮಕ್ಕಳು ಚಿತ್ರವನ್ನು ಮೊದಲಿಂದ ಹಾಕಿದರು. ಅಜ್ಜಿಯೂ ಹೂಬತ್ತಿ ಹೊಸೆಯುತ್ತ ಬಂದು ಕೂತರು. ಇಂಗ್ಲಿಷ್ ಬಾರದ ಅವರಿಗೆ ಕತೆ ಹೇಳುವ ಕೆಲಸ ನ್ಯಾಮತಿಯ ಹುಡುಗನಿಗೆ ಬಿತ್ತು. ಬೇರೆಯವರಿಗೆ ಹೇಳಬೇಕಾದಾಗಲೇ ಎಷ್ಟೋ ಸಂಗತಿ ನಮಗೆ ಹೊಳೆಯುವುದು. 2065ರ ಭೂಮಿ, ಎಲ್ಲೆಡೆ ಪಾರದರ್ಶಕ ದೆವ್ವಗಳು, ಮುಟ್ಟಿದರೆ ಸಾವು. ಸೈನ್ಯ ಅವನ್ನು ಶತ್ರುಗಳೆಂದು ಸುಡಲು ಹೊರಟಿದೆ. ಅಕಿ ಮಾತ್ರ ಕನಸುಗಳ ಮೂಲಕ ನಿಜ ಕಂಡುಕೊಳ್ಳುತ್ತಾಳೆ: ಅವು ದಂಡೆತ್ತಿ ಬಂದವಲ್ಲ. ಯುದ್ಧದಲ್ಲಿ ನಾಶವಾದ ಬೇರೊಂದು ಗ್ರಹದವರ ಪ್ರೇತಗಳು, ಉಲ್ಕೆಯೊಡನೆ ಬಂದು ಬಿದ್ದಿವೆ.

ಅಜ್ಜಿಯ ಕೈ ನಿಂತಿತು. “ಪಾಪ, ತಮ್ಮ ಊರೇ ಹೋಗೇತಿ ಅಂತ ಗೊತ್ತಿಲ್ದೆ ತಿರುಗಾಡ್ತಾವೇನೋ” ಎಂದರು. ತಾತ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

ಸಕಾಗುಚಿಯ ತಾಯಿ ಅವಘಡವೊಂದರಲ್ಲಿ ತೀರಿಕೊಂಡಿದ್ದರು. ಸತ್ತವರು ಎಲ್ಲಿ ಹೋಗುತ್ತಾರೆ ಎಂಬ ಪ್ರಶ್ನೆ ಆಮೇಲೆ ಅವರನ್ನು ಬಿಡಲಿಲ್ಲ. ಅಕ್ಕ ಅದನ್ನು ಹೇಳಿದಾಗ ಹುಡುಗ ಏನೂ ಮಾತಾಡಲಿಲ್ಲ. ಕತ್ತಿ, ಹಕ್ಕಿಗಳ ಮಾತು ಮತ್ತೆ ಬರಲಿಲ್ಲ.

ಸಂಜೆ ಮೇಕೆಗಳು ಬಂದವು. ಹುಡುಗ ಬಾಗಿಲಲ್ಲಿ ಕೂತು ನೋಡುತ್ತಿದ್ದವನು ಕೇಳಿದ, “ಅಕ್ಕಾ, ಇದು ಟಿಂಡಾಲ್ ಪರಿಣಾಮವಾ?”

“ಹತ್ತಿರ ಬಂದೆ, ಆದ್ರೆ ಪೂರ್ತಿ ಅದೇ ಅಲ್ಲ. ಪುಸ್ತಕ ತಾ, ತೋರಿಸ್ತೀನಿ.”

ಪುಸ್ತಕವನ್ನು ಅವನು ಬೇಕೆಂದೇ ನ್ಯಾಮತಿಯಲ್ಲಿ ಬಿಟ್ಟು ಬಂದಿದ್ದ.