ಎಷ್ಟು ತಿಂದ್ರೂ ಅಷ್ಟೇ ದುಡ್ಡು

ಅಪ್ಪ ತಿಪಟೂರು ಕಡೆಯ ನಮ್ಮೂರು ಬಿಟ್ಟು ಬೆಂಗಳೂರಿಗೆ ನನ್ನ ಜೊತೆ ಇರೋಕೆ ಬಂದು ಎಂಟು ತಿಂಗಳಾಯ್ತು. ಬಂದಾಗಿನಿಂದ ನನಗೊಂದೇ ಚಿಂತೆ: ಅವರಿಗೆ ಹಸಿವೇ ಇಲ್ಲ. ವೀಕೆಂಡ್‌ನಲ್ಲಿ ಊಟಕ್ಕೆ ಹೊರಗೆ ಕರ್ಕೊಂಡು ಹೋದ್ರೆ ಒಂದು ರೋಟಿ, ಎರಡು ಚಮಚ ದಾಲ್. "ಸಾಕು ಕಣಪ್ಪ, ಹೊಟ್ಟೆ ತುಂಬ್ತು." ಆ್ಯಪ್‌ನಲ್ಲಿ ಮನೆಗೆ ತರಿಸಿದ್ರೂ ಅದೇ ಕಥೆ. ಮೊದಲು ಕವರ್‌ಗೆ ಅಂಟಿಸಿದ ಬಿಲ್ ನೋಡೋರು, ಆಮೇಲೆ ಅರ್ಧ ತಿಂದು ಎದ್ದು ಹೋಗೋರು. ಕೊನೆಗೆ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಮಾಡಿಸಿದೆ. ರಿಪೋರ್ಟ್ ನಾರ್ಮಲ್.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು ಯುನೆಸ್ಕೋ ಪಟ್ಟಿಗೆ ಸೇರಿದಾಗಿನಿಂದ ಹೋಗಬೇಕು ಅಂತಿದ್ದೆ. ಕಳೆದ ತಿಂಗಳು ಒಂದು ಶನಿವಾರ ಅಪ್ಪನನ್ನು ಹೊರಡಿಸಿದೆ. ಕಾರು ಬೇಡ, ರೈಲಲ್ಲಿ ಹೋಗೋಣ ಅಂದ್ರು. ಬೆಂಗಳೂರಿಂದ ಅರಸೀಕೆರೆಗೆ ಸುಮಾರು ಮೂರು ಗಂಟೆ. ತಿಪಟೂರು ದಾಟಿದ ಮೇಲೆ ಎರಡೂ ಕಡೆ ತೆಂಗಿನ ತೋಟ. ಅಪ್ಪ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಕೊಬ್ಬರಿ ವ್ಯಾಪಾರಕ್ಕೆ ಅಂತ ಅರಸೀಕೆರೆಗೆ ಎಷ್ಟೋ ಸಲ ಬಂದವರು, ಹಳೇಬೀಡಿಗೆ ಹೋಗಿದ್ದು ಸ್ಕೂಲ್ ಟೂರ್‌ನಲ್ಲಿ ಒಂದೇ ಸಲವಂತೆ.

ಅರಸೀಕೆರೆಯಿಂದ ಕೆಂಪು ಬಸ್ಸಲ್ಲಿ ಹಳೇಬೀಡಿಗೆ ಹೋದ್ವಿ. ಹೊಯ್ಸಳೇಶ್ವರನ ಗೋಡೆ ಸುತ್ತೋಕೆ ಒಂದೂವರೆ ಗಂಟೆ ಬೇಕಾಯ್ತು. ಕೆಳಗಿನ ಆನೆ ಸಾಲಿನಲ್ಲಿ ಒಂದರ ಹಾಗೆ ಇನ್ನೊಂದಿಲ್ಲ ಅಂತ ಅಪ್ಪ ಬಗ್ಗಿ ಬಗ್ಗಿ ತೋರಿಸಿದರು. ಅಲ್ಲಿಂದ ಬೇಲೂರು 16 ಕಿಲೋಮೀಟರ್. ಬಸ್ ಇಳಿದಾಗ ಮಧ್ಯಾಹ್ನ ಒಂದೂವರೆ, ಕೆಟ್ಟ ಬಿಸಿಲು.

ನಾನು ಎಂದಿನಂತೆ ಫೋನ್ ತೆಗೆದು ರೇಟಿಂಗ್ ನೋಡ್ತಾ ನಿಂತೆ. ಊರಾಚೆ ಒಂದು ರೆಸಾರ್ಟ್, ಎಸಿ ಇದೆ, 4.4 ಸ್ಟಾರ್. ಆಟೋ ಹಿಡಿಯೋಣ ಅಂತ ತಲೆ ಎತ್ತಿದ್ರೆ ಅಪ್ಪ ಆಗಲೇ ರಸ್ತೆ ದಾಟಿ ಎದುರಿನ ಊಟದ ಹೋಟೆಲ್ ಮೆಟ್ಟಿಲು ಹತ್ತುತ್ತಿದ್ರು. ಒಳಗೆ ಕಾಲಿಡೋಕೆ ಜಾಗ ಇಲ್ಲ. ಗೋಡೆ ಮೇಲೆ ದೊಡ್ಡದಾಗಿ ಬರೆದಿತ್ತು: ಊಟ 90 ರೂಪಾಯಿ. ಮೆನು ಕಾರ್ಡ್ ಇಲ್ಲ, ಆರ್ಡರ್ ಇಲ್ಲ. ಕೂತ ತಕ್ಷಣ ಎಲೆ ಬಿತ್ತು, ಎಲೆಗೆ ಮುದ್ದೆ ಬಿತ್ತು, ಪಕ್ಕದಲ್ಲಿ ಅವರೆಕಾಳು ಸಾರು, ಹುರುಳಿಕಾಯಿ ಪಲ್ಯ, ಹಪ್ಪಳ.

ಅಪ್ಪ ಮುದ್ದೆ ಮುಗಿಸಿದರು. ಅನ್ನ ಬಂತು.

"ಯಜಮಾನ್ರೇ, ಇನ್ನೊಂಚೂರು ಹಾಕ್ಲಾ?"

"ಹಾಕಪ್ಪ."

ಸಾರಿಗೆ ಒಂದು ಸಲ, ಹುಳಿಗೆ ಒಂದು ಸಲ, ಮಜ್ಜಿಗೆಗೆ ಒಂದು ಸಲ. ಮೂರು ಸಲ ಅನ್ನ ಹಾಕಿಸಿಕೊಂಡ್ರು. ನಾನು ಕೈ ನಿಲ್ಲಿಸಿ ನೋಡ್ತಾ ಕೂತೆ. ಎಂಟು ತಿಂಗಳಲ್ಲಿ ಅವರು ಹೀಗೆ ಉಂಡಿದ್ದನ್ನು ನೋಡೇ ಇರಲಿಲ್ಲ.

"ಏನಪ್ಪ, ಇವತ್ತು ಇಷ್ಟು ಹಸಿವು?"

"ಹಸಿವು ದಿನಾ ಆಗುತ್ತೆ ಕಣೋ. ಇಲ್ಲಿ ಎಷ್ಟು ತಿಂದ್ರೂ ಅಷ್ಟೇ ದುಡ್ಡು ಅಲ್ವಾ."

ಮಾಮೂಲಿ ಮಾತಿನ ಹಾಗೆ ಅಂದುಬಿಟ್ಟು ಮಜ್ಜಿಗೆ ಕುಡಿದ್ರು. ನನಗೆ ಮಾತ್ರ ಮುಂದಿನ ತುತ್ತು ಇಳಿಯಲಿಲ್ಲ. ಬೆಂಗಳೂರಿನ ರೆಸ್ಟೋರೆಂಟ್‌ಗಳಲ್ಲಿ ಅಪ್ಪ ಮೆನುವಿನ ಎಡಗಡೆ ಓದ್ತಾನೇ ಇರಲಿಲ್ಲ, ಬಲಗಡೆಯ ಅಂಕಿ ಮಾತ್ರ ಓದ್ತಿದ್ರು. ಒಂದೊಂದು ರೋಟಿಗೂ ಮಗನ ದುಡ್ಡು ಲೆಕ್ಕ ಹಾಕಿ "ಸಾಕು" ಅಂತಿದ್ರು. ನಾನು ಅದನ್ನು ಕಾಯಿಲೆ ಅಂದುಕೊಂಡು ಸ್ಕ್ಯಾನಿಂಗ್ ಮಾಡಿಸಿದ್ದೆ.

ಕೈ ತೊಳೆದು ಬರುವಷ್ಟರಲ್ಲಿ ಅಪ್ಪ ಗಲ್ಲಾ ಹತ್ತಿರ ನಿಂತಿದ್ರು. ಶರ್ಟ್ ಜೇಬಿಂದ ಇನ್ನೂರರ ನೋಟು ತೆಗೆದುಕೊಟ್ಟು, ಇಪ್ಪತ್ತು ಚಿಲ್ಲರೆ ಎಣಿಸಿ ಇಟ್ಟುಕೊಂಡ್ರು. ನಾನು ಫೋನ್ ಹಿಡಿದು ಕ್ಯೂಆರ್ ಕೋಡ್ ಕಡೆ ಹೋಗಿದ್ದವನು ವಾಪಸ್ ಜೇಬಿಗೆ ಹಾಕಿದೆ. ಈ ಎಂಟು ತಿಂಗಳಲ್ಲಿ ಅಪ್ಪ ನನಗೆ ಊಟ ಕೊಡಿಸಿದ್ದು ಅದೇ ಮೊದಲು. ಹೊರಗೆ ಬಂದು ಅಡಿಕೆ ಹಾಕ್ಕೊಂಡು, "ನಡಿ, ಚೆನ್ನಕೇಶವನ್ನ ನೋಡೋಣ" ಅಂತ ಮುಂದೆ ನಡೆದ್ರು. ಊರಲ್ಲಿ ತೋಟಕ್ಕೆ ಹೋಗುವಾಗಿನ ನಡಿಗೆ ಅದು.

ಈಗ ಭಾನುವಾರ ನಾವು ಮನೆ ಹತ್ತಿರದ ಒಂದು ಊಟದ ಹೋಟೆಲ್‌ಗೆ ಹೋಗ್ತೀವಿ. ರೇಟು ಗೋಡೆ ಮೇಲೆ ಇರುತ್ತೆ. ಬಿಲ್ ಅಪ್ಪಂದು. ನಿಮ್ಮ ಮನೆಯ ಹಿರಿಯರೂ ಹೋಟೆಲ್‌ನಲ್ಲಿ ಬೇಗ "ಸಾಕು" ಅಂತಿದ್ರೆ, ಡಾಕ್ಟರ್ ಹತ್ತಿರ ಹೋಗೋದರ ಜೊತೆಗೆ ಇದನ್ನೂ ಒಂದು ಸಲ ಟ್ರೈ ಮಾಡಿ.