ಸೊಪ್ಪಿನ ಮಡಿಯಿಂದ ಸಂತೆಗೆ ಎಷ್ಟು ದೂರ?

ಹೊಸೂರಿನ ಅಂಚಿನಲ್ಲಿ ನಿವೇಶನಗಳಾಗಿ ಮಾರಾಟವಾಗಿಯೂ ಇನ್ನೂ ಮನೆ ಏಳದ ನೆಲದಲ್ಲಿ ಕೊತ್ತಂಬರಿ, ಮೆಂತ್ಯ, ದಂಟು ಬೆಳೆಯುವವರನ್ನು ನಾವು ದಿನವೂ ನೋಡುತ್ತೇವೆ. ನೆಲ ಯಾರದೋ, ಗುತ್ತಿಗೆ ಬಾಯಿಮಾತಿನದು. ಅವರಲ್ಲಿ ನಮ್ಮ ಕುಟುಂಬಗಳವರೂ ಇದ್ದಾರೆ. ಬೆಳೆಯುವ ವಿದ್ಯೆಯಲ್ಲಿ ಇವರಿಗೆ ನಾವು ಪಾಠ ಹೇಳಬೇಕಾಗಿಲ್ಲ. ಇವರು ಸೋಲುವುದು ಬೆಳಗಿನ ಜಾವ ಮಂಡಿಯಲ್ಲಿ. ಕಟ್ಟಿಗೆ ಇಷ್ಟು ಎಂದು ಹೇಳುವವನು ದಲ್ಲಾಳಿ, ತಲೆಯಾಡಿಸುವವನು ಬೆಳೆದವನು. ಮಧ್ಯಾಹ್ನಕ್ಕೆ ಬಾಡಿಹೋಗುವ ಸರಕನ್ನು ಇಟ್ಟುಕೊಂಡು ಎಷ್ಟು ಹೊತ್ತು ಚೌಕಾಸಿ ಮಾಡಲು ಸಾಧ್ಯ? ಪಟ್ಟಣದಲ್ಲೇ ಬೆಳೆದು ಪಟ್ಟಣದವರೇ ಉಣ್ಣುವ ಸೊಪ್ಪು ಮೂರು ಕೈ ದಾಟಿ ಪಕ್ಕದ ಬೀದಿಗೆ ಬರುತ್ತದೆ.

ಬೀಜ, ಗೊಬ್ಬರ, ಸಾಲ ಎಂದು ಎಲ್ಲರೂ ಮಾತನಾಡುತ್ತಾರೆ. ಮಾರುವ ಜಾಗದ ಮಾತು ಕಡಿಮೆ. ನಮ್ಮ ಅಭಿಪ್ರಾಯದಲ್ಲಿ ಮೊದಲು ಬೇಕಾದದ್ದು ಅದೇ.

ದಕ್ಷಿಣ ಅಮೆರಿಕದ ಅರ್ಜೆಂಟೀನಾದಲ್ಲಿ ರೊಸಾರಿಯೊ ಎಂಬ ನಗರವಿದೆ. ಫುಟ್‌ಬಾಲ್ ಆಡುವ ನಮ್ಮ ಹುಡುಗರಿಗೆ ಅದು ಮೆಸ್ಸಿ ಹುಟ್ಟಿದ ಊರು. ಸುತ್ತಲಿನ ಬಯಲಿನಲ್ಲಿ ಬೆಳೆದ ಸೋಯಾ ಹಡಗು ತುಂಬಿ ಪರದೇಶಕ್ಕೆ ಹೋಗುವುದು ಅಲ್ಲಿನ ಪರಾನಾ ನದಿಯ ಬಂದರುಗಳಿಂದ. ಅಂಥ ಊರಿನಲ್ಲೇ, 2001ರ ಡಿಸೆಂಬರಿನಲ್ಲಿ ದೇಶದ ಹಣಕಾಸು ಕುಸಿದುಬಿದ್ದಾಗ, ಹಸಿದ ಜನ ಅಂಗಡಿಗಳಿಗೆ ನುಗ್ಗಿ ಆಹಾರ ಹೊತ್ತೊಯ್ದರು. ಬಡವರ ಮನೆಯಂಗಳದ ಕೈತೋಟಗಳಿಗೆ ಬೀಜ ಹಂಚುವ ಸರಕಾರಿ ಯೋಜನೆ ಅಲ್ಲಿ 1990ರಿಂದಲೇ ಇತ್ತು. ಅದು ಮನೆಯ ಊಟದ ಮಟ್ಟಿಗೆ. 2002ರಲ್ಲಿ ನಗರಸಭೆ ನಗರ ಕೃಷಿ ಕಾರ್ಯಕ್ರಮವನ್ನೇ ಆರಂಭಿಸಿತು. ಖಾಲಿ ಬಿದ್ದ ಸಾರ್ವಜನಿಕ ನೆಲ, ರೈಲು ಹಳಿಯ ಮಗ್ಗುಲು, ರಸ್ತೆಯಂಚು ಇವೆಲ್ಲ ತೋಟಗಳಾದವು. ಕೆಲವೇ ಕಾಲದಲ್ಲಿ ಸುಮಾರು 800 ಸಾಮೂಹಿಕ ತೋಟಗಳೆದ್ದವು.

ಇಷ್ಟಕ್ಕೇ ನಿಂತಿದ್ದರೆ ನಾವು ಇದನ್ನು ಬರೆಯುತ್ತಿರಲಿಲ್ಲ. ನಗರಸಭೆ ಊರಿನ ಚೌಕಗಳಲ್ಲಿ ವಾರದ ಸಂತೆ ಕಟ್ಟಿಸಿತು. ರಾಸಾಯನಿಕ ಹಾಕದೆ ಬೆಳೆದ ತರಕಾರಿಯನ್ನು ಬೆಳೆದವರೇ ನಿಂತು ಮಾರಿದರು. ಕೆಲವು ಗುಂಪುಗಳು ತರಕಾರಿಯನ್ನು ತೊಳೆದು, ಹೆಚ್ಚಿ, ಪೊಟ್ಟಣ ಕಟ್ಟಿ ಮಾರುವುದನ್ನೂ ಕಲಿತವು. ಕೆಲಸ ಕಳೆದುಕೊಂಡು ಕುಳಿತಿದ್ದವರಿಗೆ, ಅದರಲ್ಲೂ ಹೆಂಗಸರಿಗೆ, ಕೈಗೆ ಕಾಸು ಬಂತು. 2004ರಲ್ಲಿ ವಿಶ್ವಸಂಸ್ಥೆಯ ದುಬೈ ಪ್ರಶಸ್ತಿಯೂ ಊರಿಗೆ ಬಂತು. ಪ್ರಶಸ್ತಿಗಳ ಮಾತು ಇರಲಿ.

ಆಫ್ರಿಕದ ಘಾನಾ ದೇಶದ ರಾಜಧಾನಿ ಅಕ್ರಾದಲ್ಲಿ ಬೇರೊಂದು ಚಿತ್ರ. ಅಲ್ಲಿಯೂ ಊರ ನಡುವೆ ಲೆಟ್ಯೂಸ್ ಸೊಪ್ಪು, ಎಲೆಕೋಸು, ಈರುಳ್ಳಿ ಸೊಪ್ಪು ಬೆಳೆಯುತ್ತಾರೆ. ವ್ಯಾಪಾರಿ ಹೆಂಗಸರು ತೋಟಕ್ಕೇ ಬಂದು ಮಡಿ ಮಡಿಯಾಗಿ ಕೊಂಡುಬಿಡುತ್ತಾರೆ, ಎಷ್ಟೋ ಸಲ ಕೊಯ್ಲಿಗೆ ಮುಂಚೆಯೇ. ಬೆಳೆದವನಿಗೆ ತಿನ್ನುವವನ ಮುಖ ಕಾಣುವುದಿಲ್ಲ. ನೀರೋ ಬಹುಪಾಲು ಚರಂಡಿಯದು. ಆ ಸೊಪ್ಪು ಬೀದಿಬದಿಯ ತಟ್ಟೆಗಳಲ್ಲಿ ಹಸಿಯಾಗಿಯೇ ಬೀಳುತ್ತದೆ. ಅದರ ಮೇಲೆ ಮಲದ ರೋಗಾಣುಗಳನ್ನು ಸಂಶೋಧಕರು ಕಂಡಿದ್ದಾರೆ. ಅಪಾಯ ತಗ್ಗಿಸುವ ಉಪಾಯಗಳಿಗೆ ಕಾಸು ಹೆಚ್ಚು ಬೇಡ. ನೀರನ್ನು ಗುಂಡಿಯಲ್ಲಿ ನಿಲ್ಲಿಸಿದರೆ ಹುಳುವಿನ ಮೊಟ್ಟೆಗಳು ತಳ ಸೇರುತ್ತವೆ. ಎಲೆಗೆ ಎರಚದೆ ಬುಡಕ್ಕೆ ಹಾಕಬೇಕು. ಕೊಯ್ಲಿಗೆ ಕೆಲವು ದಿನ ಮುಂಚೆ ನೀರು ನಿಲ್ಲಿಸಬೇಕು. ಆದರೆ ನೀರು ನಿಲ್ಲಿಸಿದರೆ ಸೊಪ್ಪಿನ ತೂಕ ಇಳಿಯುತ್ತದೆ. ಶುದ್ಧ ಸೊಪ್ಪಿಗೂ ಕೊಳಕು ಸೊಪ್ಪಿಗೂ ಒಂದೇ ಬೆಲೆಯಾದರೆ ತೂಕ ಕಳೆದುಕೊಳ್ಳಲು ಯಾರು ಒಪ್ಪುತ್ತಾರೆ? ಅವನ ಮೇಲೆ ತಪ್ಪು ಹೊರಿಸಲು ನಮಗೆ ಮನಸ್ಸು ಬಾರದು. ಇದೇ ಸೊಪ್ಪನ್ನು ನೆರೆಯವಳ ಕೈಗೆ ತಾನೇ ಕೊಡಬೇಕಾದವನ ಲೆಕ್ಕ ಬೇರೆಯಾಗುತ್ತದೆ.

ನಮ್ಮ ಊರಿಗೆ ಬರೋಣ. ತಮಿಳುನಾಡು ಸರಕಾರ 1999ರ ನವೆಂಬರ್ 14ರಂದು ಮಧುರೆಯಲ್ಲಿ ಉಳವರ್ ಸಂದೈ, ಅಂದರೆ ರೈತರ ಸಂತೆಯನ್ನು ಆರಂಭಿಸಿತು. ಹೊಸೂರಿನಲ್ಲೂ ಅದಿದೆ. ಅಂಗಡಿಗೆ ಬಾಡಿಗೆಯಿಲ್ಲ, ತಕ್ಕಡಿ ಅಲ್ಲಿಯದೇ, ದಿನದ ಬೆಲೆ ಹಲಗೆಯ ಮೇಲೆ. ಇದು ಒಳ್ಳೆಯ ಏರ್ಪಾಡು ಎಂದು ಧಾರಾಳವಾಗಿ ಹೇಳುತ್ತೇವೆ. ಆದರೆ ಒಳಗೆ ಕೂರಲು ಗುರುತಿನ ಚೀಟಿ ಬೇಕು. ಚೀಟಿಗೆ ಜಮೀನಿನ ಕಾಗದ ಬೇಕು. ಬಾಯಿಮಾತಿನ ಗುತ್ತಿಗೆಯವನು ಯಾವ ಕಾಗದ ತಂದಾನು? ಮಡಿಯನ್ನು ಕಣ್ಣಾರೆ ನೋಡಿ, ಬೆಳೆದವನು ಇವನೇ ಎಂದು ಖಾತ್ರಿಯಾದರೆ ಚೀಟಿ ಕೊಡಬೇಕು. ರೊಸಾರಿಯೊ ನೆಲವಿಲ್ಲದವನಿಗೆ ನೆಲವನ್ನೂ ಕೊಟ್ಟು ಸಂತೆಯನ್ನೂ ಕೊಟ್ಟಿತು. ಇಲ್ಲಿ ನಾವು ಕೇಳುತ್ತಿರುವುದು ಕೂರಲು ನಾಲ್ಕು ಅಡಿ ಜಾಗ.

ನೀರಿನ ವಿಷಯ ನಮಗೆ ಅಕ್ರಾದಷ್ಟು ದೂರದ್ದಲ್ಲ. ಬೆಂಗಳೂರಿನ ಕೊಳಚೆಯನ್ನು ಹೊತ್ತು ಬರುವ ದಕ್ಷಿಣ ಪಿನಾಕಿನಿ ಕೆಲವರಪಲ್ಲಿ ಅಣೆಕಟ್ಟೆಯಲ್ಲಿ ನೊರೆಯೆದ್ದು ಹರಿಯುವುದನ್ನು ನೀವೆಲ್ಲ ಕಂಡಿದ್ದೀರಿ. ನಾವು ಮೇಲೆ ಹೇಳಿದ ಉಪಾಯಗಳು ರೋಗಾಣುವಿಗೆ, ಹುಳುವಿಗೆ ನಾಟುತ್ತವೆ. ಕಾರ್ಖಾನೆಯ ರಾಸಾಯನಿಕಕ್ಕೆ ನಾಟುವುದಿಲ್ಲ. ಬಾವಿಯ ನೀರು ಸಿಗುವವರು ಸೊಪ್ಪಿಗೆ ಅದನ್ನೇ ಇಟ್ಟುಕೊಂಡು, ಹೊಳೆಯ ನೀರನ್ನು ಹೂವಿನ ಗಿಡಕ್ಕೆ ಬಿಡುವುದು ಲೇಸು.

ಕೊನೆಗೆ ನಮ್ಮಲ್ಲೇ ಜಮೀನುಳ್ಳವರಿಗೆ ಒಂದು ಮಾತು. ಗುತ್ತಿಗೆಯನ್ನು ಬರೆದುಕೊಟ್ಟರೆ ನೆಲವೇ ಕೈತಪ್ಪೀತೆಂದು, 1955ರ ಗೇಣಿದಾರರ ರಕ್ಷಣಾ ಕಾಯಿದೆಯನ್ನು ನೆನೆದು, ನೀವು ಹೆದರುತ್ತೀರಿ. ಆ ಹೆದರಿಕೆ ಸುಳ್ಳೆಂದು ನಾವು ಹೇಳುವುದಿಲ್ಲ. ವಕೀಲರನ್ನು ಕೇಳಿಯೇ ಬರೆಯಿರಿ. ಈ ಬೆಳೆ ಇವನದು ಎಂಬ ಒಂದು ಹಾಳೆಯಾದರೂ ಚೀಟಿ ಕೊಡುವವರ ಮುಂದೆ ಹಿಡಿಯಲು ಅವನ ಕೈಯಲ್ಲಿ ಬೇಡವೇ? ಬರೆದುಕೊಡುವವರಿದ್ದರೆ ಸಾಕ್ಷಿ ಸಹಿಗೆ ನಾವು ಬರುತ್ತೇವೆ.