ಒಣಗಿದ ಚಿತ್ರಕ್ಕೆ ಮತ್ತೆ ನೀರು

ಜಲವರ್ಣ ಕಲಿಯಲು ಹೊರಟವರ ಕಿವಿಗೆ ಮೊದಲು ಬೀಳುವ ಬುದ್ಧಿಮಾತು ಒಂದೇ: ಒಮ್ಮೆ ಹಚ್ಚಿದ ಬಣ್ಣವನ್ನು ಮತ್ತೆ ಮುಟ್ಟಬೇಡಿ. ತೈಲವರ್ಣವಾದರೆ ಮೇಲೆ ಮೇಲೆ ಬಳಿದು ಸರಿಮಾಡಬಹುದು, ನೀರಿನ ಬಣ್ಣದಲ್ಲಿ ಕೈ ತಪ್ಪಿದರೆ ಹಾಳೆ ಹೋದ ಹಾಗೆಯೇ ಎನ್ನುತ್ತಾರೆ. ಈ ಮಾತು ಎಷ್ಟು ಜನರ ಕುಂಚವನ್ನು ಕಪಾಟಿನ ಮೂಲೆ ಸೇರಿಸಿದೆಯೋ! ಅದರಲ್ಲಿ ಅರ್ಧ ನಿಜವಿದೆ, ಉಳಿದರ್ಧ ಬರೀ ಹೆದರಿಕೆ. ಕಲಿಯುತ್ತಿರುವವರು ತಮ್ಮ ಚಿತ್ರವನ್ನು ತಿದ್ದಬೇಕು, ತಿದ್ದುವ ಮೊದಲು ನಾಲ್ಕು ಜನರಿಗೆ ತೋರಿಸಬೇಕು, ಆ ನಾಲ್ವರಲ್ಲಿ ಚಿತ್ರಕಲೆಯ ಗಂಧವಿಲ್ಲದವರೂ ಇರಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ನಾನು ಶಿರಸಿಯ ಅಡಿಕೆ ವಖಾರಿಯೊಂದರಲ್ಲಿ ಲೆಕ್ಕ ಬರೆಯುವವಳು. ಹಗಲೆಲ್ಲ ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಎಂದು ತೂಕ, ದರ ಬರೆದು, ಸಂಜೆ ಮನೆಗೆ ಬಂದು ಬಣ್ಣದ ತಟ್ಟೆ ತೆರೆಯುತ್ತೇನೆ. ಕಲಾಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹೈಸ್ಕೂಲಿನಲ್ಲಿ ಕಟ್ಟಿದ ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗಳೇ ನನ್ನ ವಿದ್ಯೆ. ನಲವತ್ತು ದಾಟಿದ ಮೇಲೆ ಮತ್ತೆ ಕುಂಚ ಹಿಡಿದೆ. ನನ್ನಂಥವರು ಊರೂರಲ್ಲಿ ಇದ್ದಾರೆ. ಬ್ಯಾಂಕಿನಲ್ಲಿ, ಅಂಚೆ ಕಚೇರಿಯಲ್ಲಿ, ಅಡುಗೆಮನೆಯಲ್ಲಿ ದುಡಿದು, ರಾತ್ರಿ ಊಟವಾದ ಮೇಲೆ ಮೇಜಿನ ಮೇಲೆ ಹಾಳೆ ಹಾಸುವವರು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಿಜವಿರುವ ಅರ್ಧ. ಜಲವರ್ಣದಲ್ಲಿ ಬೆಳಕು ಬರುವುದು ಕಾಗದದಿಂದ. ತೆಳು ಬಣ್ಣದ ಪದರ ಹಾಯ್ದು ಹಾಳೆಯ ಬಿಳುಪು ಕಣ್ಣಿಗೆ ತಲುಪುತ್ತದೆ. ಮೂರು ನಾಲ್ಕು ಬಣ್ಣ ಒಂದರ ಮೇಲೊಂದು ಕುಳಿತು ಆ ದಾರಿ ಮುಚ್ಚಿದರೆ ಉಳಿಯುವುದು ರಾಡಿ. ಅರೆ ಒಣಗಿದ ಜಾಗಕ್ಕೆ ನೀರು ತಾಗಿಸಿದರೆ ಅಂಚು ಒಡೆದು ಹೂಕೋಸಿನ ಆಕಾರದ ಕಲೆ ಏಳುತ್ತದೆ. ಇದನ್ನು ಬಲ್ಲವರು ಕೈ ಹಿಂದೆ ತೆಗೆ ಎಂದರೆ ಅದು ಒಪ್ಪತಕ್ಕ ಮಾತೇ.

ಆದರೆ ಈ ಬಣ್ಣದ ಸ್ವಭಾವವನ್ನು ಇನ್ನೂ ಸ್ವಲ್ಪ ನೋಡಿ. ಬಣ್ಣದ ಪುಡಿಯನ್ನು ಹಿಡಿದಿಟ್ಟಿರುವುದು ಜಾಲಿಯ ಜಾತಿಯ ಮರದ ಅಂಟು. ಆ ಅಂಟು ಒಣಗಿದ ಮೇಲೂ ನೀರು ತಾಗಿದರೆ ಕರಗುತ್ತದೆ. ಅಕ್ರಿಲಿಕ್ಕಿಗೆ ಈ ಗುಣವಿಲ್ಲ, ಒಣಗಿತೆಂದರೆ ಮುಗಿಯಿತು. ಜಲವರ್ಣದಲ್ಲಿ ಎರಡು ವರ್ಷದ ಹಿಂದೆ ಹಚ್ಚಿದ ಅಲ್ಟ್ರಾಮರೀನ್ ನೀಲಿಯನ್ನು ಇವತ್ತು ಒದ್ದೆ ಕುಂಚದಿಂದ ಮೆತ್ತಗೆ ಉಜ್ಜಿ, ಬಟ್ಟೆ ಒತ್ತಿ ಎತ್ತಬಹುದು. ಕೋಬಾಲ್ಟ್ ನೀಲಿ, ಬರ್ನ್ಟ್ ಸಿಯೆನ್ನಾಗಳೂ ಬಹುಮಟ್ಟಿಗೆ ಏಳುತ್ತವೆ. ಥ್ಯಾಲೊ ನೀಲಿ, ಥ್ಯಾಲೊ ಹಸಿರು, ಅಲಿಜರಿನ್ ಕೆಂಪು ಮಾತ್ರ ಕಾಗದದ ಎಳೆಗೇ ಇಳಿದುಬಿಡುತ್ತವೆ, ಎಷ್ಟು ತೊಳೆದರೂ ನೆರಳು ಬಿಟ್ಟೇ ಹೋಗುತ್ತವೆ. ಯಾವುದು ಏಳುತ್ತದೆ, ಯಾವುದು ಕಚ್ಚಿಕೊಳ್ಳುತ್ತದೆ ಎಂದು ಒಂದು ತುಂಡು ಹಾಳೆಯ ಮೇಲೆ ಪಟ್ಟಿ ಎಳೆದು, ಅರ್ಧ ಪಟ್ಟಿಯನ್ನು ಉಜ್ಜಿ ನೋಡಿದರೆ ಒಂದೇ ಸಂಜೆಯಲ್ಲಿ ತಿಳಿಯುತ್ತದೆ. ಹೊಸಬರಿಗೆ ಮೊದಲ ದಿನವೇ ಇದನ್ನು ಮಾಡಿಸಬೇಕು.

ದೊಡ್ಡವರು ಮುಟ್ಟದೆ ಬಿಟ್ಟರೇ? ಇಂಗ್ಲೆಂಡಿನ ಟರ್ನರ್ 1818ರಲ್ಲಿ ತನ್ನ ಮಿತ್ರ ಫಾಕ್ಸ್‌ನ ಮನೆಯಲ್ಲಿ ಯುದ್ಧನೌಕೆಯೊಂದರ ಜಲವರ್ಣ ಬರೆದ. ಆ ಮನೆಯವರು ಕಂಡು ಹೇಳಿದಂತೆ, ಹಾಳೆ ನೆನೆದು ತೊಪ್ಪೆಯಾಗುವಷ್ಟು ಬಣ್ಣ ಸುರಿದು, ಉಜ್ಜಿ, ಉಗುರಿನಿಂದ ಕೆರೆದು ಅದರೊಳಗಿಂದ ಹಡಗನ್ನೂ ಅಲೆಗಳನ್ನೂ ಹೊರತೆಗೆದ. ಕೆರೆಯುವುದಕ್ಕೆಂದೇ ಹೆಬ್ಬೆರಳ ಉಗುರನ್ನು ಉದ್ದ ಬಿಟ್ಟಿದ್ದನಂತೆ. ನಮ್ಮೂರ ಮಾರಿಕಾಂಬಾ ಗುಡಿಯ ಕಾವಿ ಚಿತ್ರಗಳನ್ನು ನೋಡಿದವರಿಗೆ ಇದು ವಿಚಿತ್ರ ಅನ್ನಿಸಬಾರದು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಮೊನೆಯಿಂದ ಕೆರೆದು, ಅಡಿಯ ಬಿಳುಪನ್ನು ಮೇಲೆ ತರುವ ಕಲೆ ಅದು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರು ಬೆಳೆಸಿದ ವಾಶ್ ಪದ್ಧತಿಯಲ್ಲಂತೂ ಬರೆದ ಚಿತ್ರವನ್ನೇ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದರು. ಕಚ್ಚಿಕೊಂಡ ಬಣ್ಣ ಉಳಿಯುತ್ತಿತ್ತು, ಸಡಿಲವಾದದ್ದು ಹೋಗುತ್ತಿತ್ತು, ಮತ್ತೆ ಅದರ ಮೇಲೆ ಕೆಲಸ. ಮೈಸೂರಿನ ಕೆ. ವೆಂಕಟಪ್ಪನವರು ಪಳಗಿದ್ದು ಅವನೀಂದ್ರನಾಥರ ಕೈಕೆಳಗೇ. ಊಟಿಯ ಬೆಟ್ಟ, ಮಂಜುಗಳ ಜಲವರ್ಣಗಳನ್ನು ಕೊಟ್ಟವರು ಅವರು.

ನನಗೆ ಎಲ್ಲರಿಗಿಂತ ಹೆಚ್ಚು ಧೈರ್ಯ ಕೊಟ್ಟವನು ಅಮೆರಿಕದ ಚಾರ್ಲ್ಸ್ ಬರ್ಚ್‌ಫೀಲ್ಡ್. ಈತ ಬಫಲೋ ನಗರದಲ್ಲಿ ಗೋಡೆಗೆ ಅಂಟಿಸುವ ಕಾಗದದ ಕಂಪನಿಯಲ್ಲಿ ವಿನ್ಯಾಸ ಮಾಡುತ್ತಿದ್ದ ನೌಕರ. ಕೆಲಸ ಬಿಟ್ಟು ಪೂರ್ತಿ ಚಿತ್ರಕ್ಕೆ ಕುಳಿತ ಎಷ್ಟೋ ವರ್ಷಗಳ ಮೇಲೆ ತನ್ನ ಯೌವನದ ಜಲವರ್ಣಗಳನ್ನು ಹೊರತೆಗೆದ. ಅವುಗಳ ಸುತ್ತ ಹೊಸ ಕಾಗದದ ಪಟ್ಟಿಗಳನ್ನು ಅಂಟಿಸಿ ಹಿಗ್ಗಿಸಿದ, ಹಳೆಯ ಚಿತ್ರ ಹೊಸದರ ನಡುವೆ ಉಳಿದುಕೊಂಡಿತು. ‘ದಿ ಕಮಿಂಗ್ ಆಫ್ ಸ್ಪ್ರಿಂಗ್’ ಎಂಬ ಚಿತ್ರಕ್ಕೆ 1917ರಿಂದ 1943 ಎಂದೇ ಕಾಲ ನಮೂದಾಗಿದೆ. ಇಪ್ಪತ್ತರ ಹರೆಯದಲ್ಲಿ ಕಂಡದ್ದನ್ನು ಐವತ್ತರ ಕೈ ಪೂರೈಸಿತು. ಅದನ್ನು ತೊಳೆದು ಅಳಿಸಲಿಲ್ಲ, ಹರಿದೂ ಹಾಕಲಿಲ್ಲ.

ಕಾಗದದ ವಿಷಯ ಹೇಳದಿದ್ದರೆ ಮಾತು ಪೂರ್ತಿಯಾಗದು. ಶಾಲೆಗೆ ಕೊಡುವ ತೆಳು ಡ್ರಾಯಿಂಗ್ ಶೀಟಿನ ಮೇಲೆ ತಿದ್ದುವುದು ಆಗದ ಕೆಲಸ, ಎರಡು ಸಲ ಉಜ್ಜಿದರೆ ಮೈ ಎದ್ದು ಉಂಡೆ ಉಂಡೆಯಾಗುತ್ತದೆ. 300 ಜಿಎಸ್‌ಎಂ ದಪ್ಪದ, ಹತ್ತಿಯ ಕಾಗದ ಬೇಕು. ದುಬಾರಿ ನಿಜ, ಆದರೆ ನಾಲ್ಕು ಅಗ್ಗದ ಹಾಳೆಯ ಬದಲು ಒಂದು ಒಳ್ಳೆಯ ಹಾಳೆ ಕೊಂಡು ಅದರ ಮೇಲೆ ನಾಲ್ಕು ಸಲ ಕೆಲಸ ಮಾಡುವುದು ಮೇಲು. ಮಲೆನಾಡಿನವರಿಗೆ ಇನ್ನೊಂದು ಕಷ್ಟ. ಕಾಗದಕ್ಕೆ ಹಾಕಿದ ಸರೇಸಿನಂಥ ಅಂಟು ಆಷಾಢದ ತೇವಕ್ಕೆ ಬೂಸಲು ಹಿಡಿದು ಸಾಯುತ್ತದೆ. ಅಂಥ ಹಾಳೆಯ ಮೇಲೆ ಬಣ್ಣ ಮಸಿಹೀರುವ ಕಾಗದದ ಮೇಲಿನಂತೆ ಚುಕ್ಕೆ ಚುಕ್ಕೆಯಾಗಿ ಇಳಿದುಬಿಡುತ್ತದೆ, ಮತ್ತೆ ಏಳುವುದಿಲ್ಲ. ನಾನು ಹಾಳೆಗಳನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ತೇವ ಹೀರುವ ಸಿಲಿಕಾ ಚೀಟಿಗಳನ್ನಿಟ್ಟು ಟ್ರಂಕಿನಲ್ಲಿ ಮುಚ್ಚಿಡುತ್ತೇನೆ.

ಈಗ ತೋರಿಸುವ ಮಾತು. ಅಣ್ಣನ ತೋಟದ ಮಳೆಗಾಲದ ಚಿತ್ರವೊಂದನ್ನು ಬರೆದು ಜಗಲಿಯ ಗೋಡೆಗೆ ಒರಗಿಸಿದ್ದೆ. ಸಾಲಾಗಿ ಅಡಿಕೆ ಮರ, ಕೆಳಗೆ ಬಾಳೆ, ಏಲಕ್ಕಿ, ಹಿಂದೆ ಬೂದು ಮಳೆ. ಬಂದವರೆಲ್ಲ ಚೆಂದ ಎಂದರು. ಒಬ್ಬಳು ಡ್ರಾಯಿಂಗ್ ಶಿಕ್ಷಕಿ ಗೆಳತಿ ಮಾತ್ರ ಹಿಂದಿನ ಸಾಲಿನ ಅಂಚನ್ನು ಇನ್ನೂ ಮೆತ್ತಗೆ ಮಾಡು ಎಂದಳು, ಅದು ಕಸುಬಿನ ಮಾತು, ಕೂಡಲೇ ಒಪ್ಪಿದೆ. ಆಮೇಲೆ ಚಹಾ ಕುಡಿಯಲು ಕೂತ ಕೊನೆಗೌಡ ಬಹಳ ಹೊತ್ತು ನೋಡಿದ. ಮರ ಹತ್ತಿ ಕೊನೆ ಇಳಿಸುವುದೇ ಅವನ ಬದುಕು. “ಅಮಾ, ಮಳೆಗಾಲದ ತೋಟ ಅಂತ್ರಿ. ಮರದ ಸುತ್ತ ಒಂದೇ ಬಣ್ಣ ಮಾಡಿದ್ರಲ್ಲ. ಮಳೆ ಹೊಡಿಯೋ ಮೈ ಕರಿ ಇರ್ತದೆ, ಆಚೆ ಮೈ ಬೆಳ್ಳಗಿರ್ತದೆ. ಮದ್ದು ಹೊಡದ ತೋಟ ಆದ್ರೆ ಕೊನೆ ಕೆಳಗೆ ನೀಲಿ ಇಳದಿರ್ತದೆ” ಎಂದ.

ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮೈಲುತುತ್ತು, ಸುಣ್ಣ ಸೇರಿದ್ದು. ಅದು ಕೊನೆಯಿಂದ ತೊಟ್ಟಿಕ್ಕಿ ಮರದ ಮೈಮೇಲೆ ತಿಳಿನೀಲಿ ಗೆರೆ ಬಿಡುತ್ತದೆ. ಹುಟ್ಟಿದಾಗಿನಿಂದ ಕಂಡ ಬಣ್ಣ, ಅವನು ಹೇಳಿದ ಮೇಲೆ ಚಿತ್ರದಲ್ಲಿ ಅದರ ಜಾಗ ಕಂಡಿತು.

ಅಂದು ರಾತ್ರಿಯೇ ತಿದ್ದಲು ಕೂತೆ. ಚಪ್ಪಟೆ ಕುಂಚವನ್ನು ನೀರಿನಲ್ಲಿ ಅದ್ದಿ, ಹಿಂಡಿ, ಎದುರಿನ ಮರದ ಎಡಮೈಯನ್ನು ಮೇಲಿಂದ ಕೆಳಗೆ ಒಂದೆರಡು ಸಲ ಎಳೆದು, ಹಳೆಯ ಪಂಚೆಯ ತುಂಡನ್ನು ಒತ್ತಿದೆ. ಅಲ್ಟ್ರಾಮರೀನ್ ಮತ್ತು ಸಿಯೆನ್ನಾ ಕೂಡಿದ ಬೂದು ಬಣ್ಣ ಬಟ್ಟೆಗೆ ಬಂತು. ಅದರ ಅಡಿಯಲ್ಲಿ ಮೊದಲ ಕೈಗೆ ಹಚ್ಚಿದ್ದ ಥ್ಯಾಲೊ ಹಸಿರು ಮಾತ್ರ ಏಳಲಿಲ್ಲ. ತೆಳ್ಳಗೆ, ನೀಲಿ ಮಿಶ್ರಿತವಾಗಿ, ಬಿಳಿಚಿದ ಮರದ ಮೈಮೇಲೆ ಉಳಿಯಿತು. ಮದ್ದಿನ ಗೆರೆ ಅದೇ. ಅಷ್ಟೊಂದು ಹದವಾದ ನೀಲಿಯನ್ನು ನಾನು ಕಲಸಿ ಹಚ್ಚಿದ್ದರೆ ಬರುತ್ತಿರಲಿಲ್ಲ. ಹಾಳೆ ಪೂರ್ತಿ ಒಣಗುವವರೆಗೆ, ಅಂಗೈಯ ಹಿಂಬದಿಗೆ ತಣ್ಣಗೆ ತಾಗುವುದು ನಿಲ್ಲುವವರೆಗೆ ಕಾದು, ಮಳೆ ಹೊಡೆಯುವ ಮಗ್ಗುಲಿಗೆ ದಟ್ಟ ಕಂದುನೀಲಿಯನ್ನು ಒಂದೇ ಎಳೆತದಲ್ಲಿ ಕೊಟ್ಟೆ. ಮರ ದುಂಡಗಾಯಿತು, ಮಳೆಗೆ ದಿಕ್ಕು ಬಂತು.

ಅದಕ್ಕೇ ಹೇಳುವುದು, ಚಿತ್ರ ಬಲ್ಲವರಷ್ಟೇ ಚಿತ್ರದಲ್ಲಿರುವ ವಸ್ತುವನ್ನು ಬಲ್ಲವರಿಗೂ ತೋರಿಸಿ. ದೋಣಿ ಬರೆದರೆ ಮೀನುಗಾರರಿಗೆ, ಎತ್ತು ಬರೆದರೆ ಸಾಕಿದವರಿಗೆ. ಗ್ಯಾಲರಿಯ ಗೋಡೆ ಸೇರಿದ ಮೇಲೆ ಅಲ್ಲ, ಇನ್ನೂ ತಿದ್ದಬಹುದಾದ ಹೊತ್ತಿನಲ್ಲಿ. ಹಾಗೆಂದು ಹೇಳಿದ್ದನ್ನೆಲ್ಲ ಮಾಡಬೇಕಿಲ್ಲ. ಇದೇ ಚಿತ್ರಕ್ಕೆ ಕೊಡ ಹೊತ್ತ ಹೆಂಗಸೊಬ್ಬಳನ್ನು ಸೇರಿಸು ಎಂದವರಿದ್ದರು. ಅಂಥ ಮಳೆಯಲ್ಲಿ ಆ ತೋಟಕ್ಕೆ ಕೊಡ ಹೊತ್ತು ಯಾರೂ ಹೋಗುವುದಿಲ್ಲ. ಸೇರಿಸಲಿಲ್ಲ.

ಫೋನಿನಲ್ಲಿ ಕಳಿಸುವವರಿಗೆ ಒಂದೆರಡು ಮಾತು. ಒದ್ದೆ ಚಿತ್ರದ ಫೋಟೊ ತೆಗೆದು ಅದನ್ನೇ ಮುಗಿದ ಚಿತ್ರವೆಂದು ಕಳಿಸಬೇಡಿ. ಜಲವರ್ಣ ಒಣಗಿದಾಗ ತಿಳಿಯಾಗುತ್ತದೆ, ನೋಡಿದವರು ಹೇಳುವುದೆಲ್ಲ ಇಲ್ಲದ ಚಿತ್ರದ ಬಗ್ಗೆ ಆಗುತ್ತದೆ. ಟ್ಯೂಬ್‌ಲೈಟಿನ ಕೆಳಗೆ ತೆಗೆಯದೆ ಹಗಲು ಹೊತ್ತು ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ಇಟ್ಟು ತೆಗೆಯಿರಿ. ತಿದ್ದುವ ಮೊದಲಿನ ಫೋಟೊವನ್ನು ಅಳಿಸದೆ, ತಿದ್ದಿದ್ದರ ಜೊತೆ ಅದನ್ನೂ ಕಳಿಸಿ. ಬರೀ ‘ಹೇಗಿದೆ?’ ಎಂದರೆ ‘ಸೂಪರ್’ ಬರುತ್ತದೆ, ಮೇಲೊಂದು ಹೆಬ್ಬೆಟ್ಟು. ‘ಹಿಂದಿನ ಸಾಲು ದೂರ ಕಾಣುತ್ತದೆಯೇ?’ ಎಂದು ಕೇಳಿ ನೋಡಿ, ಅದೇ ಜನ ನಿಂತು ನೋಡಿ ಉತ್ತರ ಕೊಡುತ್ತಾರೆ. ನಮ್ಮವರಿಗೆ ನೋಡುವ ಕಣ್ಣಿಲ್ಲ ಎಂಬ ದೂರನ್ನು ನಾನು ಒಪ್ಪಲಾರೆ. ಕೇಳುವವರಿಲ್ಲ, ಅಷ್ಟೇ.

ಶಾಲೆಗಳಲ್ಲಿ ಇದು ಬದಲಾಗಬೇಕು. ಚಿತ್ರಕಲಾ ಸ್ಪರ್ಧೆ ಎಂದರೆ ಎರಡು ಗಂಟೆ, ಒಂದು ಹಾಳೆ, ಬಹುಮಾನ. ಆಮೇಲೆ ಆ ಹಾಳೆ ಕಟ್ಟಿನಲ್ಲಿ ಸೇರಿ ಕಪಾಟಿಗೆ ಹೋಗುತ್ತದೆ. ಬರೆದ ಮಗುವಿಗೆ ಅದರ ಮುಖ ಮತ್ತೆ ಕಾಣುವುದಿಲ್ಲ. ಪ್ರಬಂಧವನ್ನು ತಿದ್ದಿ ಬರೆಸುವ ಮೇಷ್ಟ್ರಿದ್ದಾರೆ, ಲೆಕ್ಕವನ್ನು ಮತ್ತೆ ಮಾಡಿಸುವವರಿದ್ದಾರೆ. ಚಿತ್ರವನ್ನು ಮಾತ್ರ ಹುಟ್ಟಿನಿಂದ ಬಂದ ವರ ಎಂಬಂತೆ ನೋಡಿ, ಬಂದರೆ ಬಂತು, ಇಲ್ಲವಾದರೆ ಇಲ್ಲ ಎಂದು ಬಿಡುತ್ತೇವೆ. ವಾರ ಕಳೆದು ಅದೇ ಹಾಳೆಯನ್ನು ಮಗುವಿನ ಕೈಗೆ ವಾಪಸ್ ಕೊಟ್ಟು, ಪಕ್ಕದಲ್ಲಿ ಕೂತವನಿಗೆ ತೋರಿಸಿ ಕೇಳು, ಆಮೇಲೆ ತಿದ್ದು ಎಂದು ಹೇಳಲು ಹೆಚ್ಚಿನ ಖರ್ಚೇನೂ ಇಲ್ಲ, ಸ್ವಲ್ಪ ದಪ್ಪ ಕಾಗದ ಬೇಕು.

ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯಂಥ ಕಡೆಯೂ ಒಂದು ಮೂಲೆಯನ್ನು ಮುಗಿಯದ ಚಿತ್ರಗಳಿಗೆ ಬಿಟ್ಟುಕೊಡಬಹುದು. ಮಾರಾಟಕ್ಕಲ್ಲ, ಮಾತಿಗೆ. ದಾರಿಹೋಕರು ನಿಂತು ಆಕಾಶ ಭಾರವಾಯಿತು, ಆ ಬಾಗಿಲು ಓರೆಯಿದೆ ಎನ್ನಲಿ. ಬರೆದವರು ಅಲ್ಲೇ ಕುಂಚ ಹಿಡಿದು ತಿದ್ದಲಿ.

ಶಿರಸಿಯಲ್ಲಿ ನಾವು ಕೆಲವರು ಸೇರಿ ದೀಪಾವಳಿಯ ನಂತರ ಒಂದು ಸಣ್ಣ ಪ್ರದರ್ಶನ ಮಾಡಬೇಕೆಂದಿದ್ದೇವೆ. ಪ್ರತಿ ಚಿತ್ರದ ಬದಿಗೆ ಅದರ ಹಿಂದಿನ ರೂಪದ ಫೋಟೊ ಇರುತ್ತದೆ, ಏನನ್ನು ಬದಲಿಸಿದೆವು, ಯಾರ ಮಾತಿನಿಂದ ಬದಲಿಸಿದೆವು ಎಂದು ಎರಡು ಸಾಲು ಇರುತ್ತದೆ, ಕೆಳಗೆ ಖಾಲಿ ಚೀಟಿ ಮತ್ತು ಪೆನ್ಸಿಲು. ಚೆಂದ ಎಂದಷ್ಟೇ ಬರೆಯಬೇಡಿ ಎಂದು ಬಾಗಿಲಲ್ಲೇ ಕೇಳಿಕೊಳ್ಳುತ್ತೇವೆ. ಅಡಿಕೆ ಕೊಯ್ಲು ಶುರುವಾಗುವ ಮೊದಲೇ ದಿನ ಗೊತ್ತುಮಾಡಬೇಕು, ಇಲ್ಲವಾದರೆ ತೋಟದವರಿಗೂ ಕೊನೆಗೌಡರಿಗೂ ಬಿಡುವಿರುವುದಿಲ್ಲ.